ಕರಿಕೋಟು ತೊಡಲು ಎಷ್ಟು ವರ್ಷ? ಕಾಸರಗೋಡಿನ ಒಂದು ಸಲಹಾ ಕೇಂದ್ರದ ವಿಮರ್ಶೆ

ಕಾನೂನು ಪದವಿಗೆ ಸೇರಬಯಸುವವರಿಗೆ ಸಲಹೆ ನೀಡುವ ಖಾಸಗಿ ಕೇಂದ್ರವೊಂದು ಕಾಸರಗೋಡು ಪೇಟೆಯಲ್ಲಿದೆ. ಮೆಚ್ಚುಗೆಯ ಜೊತೆಗೆ ಒಂದು ದೂರೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಐನೂರು ರೂಪಾಯಿ ಶುಲ್ಕಕ್ಕೆ ವಿದ್ಯಾರ್ಥಿಯನ್ನೂ ಹೆತ್ತವರನ್ನೂ ಒಟ್ಟಿಗೆ ಕೂರಿಸಿಕೊಂಡು ಸಾವಧಾನವಾಗಿ ಮಾತನಾಡುತ್ತಾರೆ. ಆ ಮಾತೆಲ್ಲ ಕನ್ನಡದಲ್ಲಿಯೇ ನಡೆಯುತ್ತದೆ ಎಂಬುದು ಇಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಸಣ್ಣ ಸಂಗತಿಯಲ್ಲ. ಪ್ಲಸ್ ಟು ಮುಗಿಸಿದ ತಮ್ಮನ ಮಗಳನ್ನೂ ಬಿ.ಎ. ಕೊನೆಯ ವರ್ಷದಲ್ಲಿರುವ ಅವಳ ಅಣ್ಣನನ್ನೂ ನಾನು ಕರೆದುಕೊಂಡು ಹೋಗಿದ್ದೆ. ವಕೀಲರಾಗಲು ಎಷ್ಟು ವರ್ಷ ಬೇಕು ಎಂಬ ಒಂದೇ ಪ್ರಶ್ನೆ ಇಬ್ಬರದೂ ಆಗಿದ್ದರೂ ಉತ್ತರ ಬೇರೆ ಬೇರೆಯಾಗಿತ್ತು.

ಪ್ಲಸ್ ಟು ನಂತರ ನೇರವಾಗಿ ಸೇರಿದರೆ ಐದು ವರ್ಷ, ಅಂದರೆ ಹತ್ತು ಸೆಮಿಸ್ಟರ್. ಯಾವುದಾದರೂ ಪದವಿಯ ಬಳಿಕ ಸೇರಿದರೆ ಮೂರು ವರ್ಷ, ಅಂದರೆ ಆರು ಸೆಮಿಸ್ಟರ್. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮೂರು ವರ್ಷದ ಕೋರ್ಸು ಬೇಗ ಮುಗಿಯುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಸಲಹೆಗಾರರು ಕಾಗದದ ಮೇಲೆ ಲೆಕ್ಕ ಬರೆದು ತೋರಿಸಿದರು: ಮೂರು ವರ್ಷದ ಪದವಿಗೆ ಮೂರು ವರ್ಷದ ಎಲ್‌ಎಲ್‌ಬಿ ಸೇರಿದರೆ ಆರು ವರ್ಷ, ಆದ್ದರಿಂದ ವಕೀಲಿಯೇ ಬೇಕೆಂದು ಹದಿನೆಂಟರಲ್ಲಿ ನಿಶ್ಚಯಿಸಿದ ಮಗುವಿಗೆ ಐದು ವರ್ಷದ ಕೋರ್ಸಿನಲ್ಲಿ ಒಂದು ವರ್ಷ ಉಳಿಯುತ್ತದೆ. ನಿಶ್ಚಯ ಇಲ್ಲದವರಿಗೆ ಮಾತ್ರ ಅವರು ಇನ್ನೊಂದು ದಾರಿಯನ್ನೇ, ಅಂದರೆ ಮೊದಲು ಬೇರೆ ಪದವಿ, ಆಮೇಲೆ ಮೂರು ವರ್ಷದ ಕೋರ್ಸು ಎಂಬುದನ್ನು ಸೂಚಿಸಿದರು. ಏಕೆಂದರೆ ಕಾನೂನು ಶಿಕ್ಷಣವನ್ನು ನಿಯಂತ್ರಿಸುವ ವಕೀಲರ ಸಂಸ್ಥೆಯಾದ ಭಾರತೀಯ ಬಾರ್ ಕೌನ್ಸಿಲಿನ 2008ರ ನಿಯಮಗಳ ಪ್ರಕಾರ ಐದು ವರ್ಷದ ಕೋರ್ಸಿನಿಂದ ನಡುವೆ ಬಿ.ಎ. ಮಾತ್ರ ಪಡೆದು ಹೊರಬರಲು ಅವಕಾಶವಿಲ್ಲ. ಮೂರನೆಯ ವರ್ಷದಲ್ಲಿ ಮನಸ್ಸು ಬದಲಾದರೆ ಕಳೆದ ವರ್ಷಗಳಿಗೆ ಪದವಿಯ ಬೆಲೆ ಸಿಗುವುದಿಲ್ಲ ಎಂಬುದನ್ನು ಇಷ್ಟು ನೇರವಾಗಿ ಹೇಳಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಶುಲ್ಕ ಕೊಟ್ಟದ್ದು ಸಾರ್ಥಕವೆನಿಸಿದ್ದು ಆ ವರ್ಷಗಳ ಒಳಗೆ ಏನೇನಿದೆ ಎಂದು ಅವರು ಬಿಡಿಸಿ ಹೇಳಿದಾಗ. ಪ್ರತಿ ವಿಷಯದಲ್ಲಿ ಶೇಕಡಾ 70ರಷ್ಟು ಹಾಜರಾತಿ ಬೇಕು; ಕೆಲಸಕ್ಕೆ ಹೋಗುತ್ತಾ ಹೆಸರಿಗೆ ಮಾತ್ರ ಸೇರಿಕೊಂಡವರು ಸಿಲುಕುವುದು ಇಲ್ಲಿಯೇ. ಮೂರು ವರ್ಷದವರಿಗೆ ಕನಿಷ್ಠ 12 ವಾರ, ಐದು ವರ್ಷದವರಿಗೆ ಕನಿಷ್ಠ 20 ವಾರ ಇಂಟರ್ನ್‌ಶಿಪ್ ಕಡ್ಡಾಯವಾಗಿದ್ದು, ಅದನ್ನು ಕೊನೆಯ ವರ್ಷಕ್ಕೆ ರಾಶಿ ಹಾಕಿಕೊಳ್ಳದೆ ಪ್ರತಿ ರಜೆಯಲ್ಲೂ ವಿದ್ಯಾನಗರದ ಜಿಲ್ಲಾ ನ್ಯಾಯಾಲಯದ ವಕೀಲರೊಬ್ಬರ ಬಳಿ ಮಾಡಿ ಮುಗಿಸಬೇಕೆಂದು ಸಲಹೆ ನೀಡಿದರು. ಅಂಚೆ ಶಿಕ್ಷಣದ ಕಾನೂನು ಪದವಿಯಿಂದ ಸನ್ನದು, ಅಂದರೆ ವಕೀಲಿ ಮಾಡುವ ಪರವಾನಗಿ, ಸಿಗುವುದಿಲ್ಲ ಎಂಬುದನ್ನೂ ಕೇಳುವ ಮೊದಲೇ ತಿಳಿಸಿದರು. ಸೇರಲು ಸಾಮಾನ್ಯ ವರ್ಗದವರಿಗೆ ಶೇಕಡಾ 45 ಅಂಕ ಬೇಕೆಂಬುದನ್ನು ಬೇಗ ಹೇಳಿ ಮುಗಿಸಿದರು, ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಿಯೂ ಇರಲಿಲ್ಲ.

ಎಲ್ಲಿ ಓದಬೇಕೆಂಬ ಪ್ರಶ್ನೆಯಲ್ಲಿ ಗಡಿನಾಡಿನವರಿಗೆ ಎರಡು ದಿಕ್ಕುಗಳಿವೆ. ಕೇರಳದ ಸರಕಾರಿ ಕಾನೂನು ಕಾಲೇಜುಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ ಬರೆಯಬೇಕು, ಐದು ವರ್ಷಕ್ಕೂ ಮೂರು ವರ್ಷಕ್ಕೂ ಪರೀಕ್ಷೆ ಬೇರೆ ಬೇರೆ. ಅವುಗಳಲ್ಲಿ ನಮಗೆ ಹತ್ತಿರದ್ದೆಂದರೆ ಕೋಝಿಕ್ಕೋಡ್. ತಲಪಾಡಿ ದಾಟಿದರೆ ಮಂಗಳೂರು, ಪುತ್ತೂರು, ಸುಳ್ಯ, ಉಡುಪಿಗಳಲ್ಲಿ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿದ್ದು, ಅಲ್ಲಿ ಉತ್ತರವನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಅಲ್ಲಿ ಓದಿದವರೂ ಎರ್ನಾಕುಳಂನ ಕೇರಳ ಬಾರ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿಕೊಳ್ಳಬಹುದು. ಸಲಹೆಗಾರರು ಇದಕ್ಕೆ ಇನ್ನೊಂದು ಮಾತು ಸೇರಿಸಿದರು. 1956ರವರೆಗೆ ಈ ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಮನೆಮನೆಯ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿವೆ, ಮೂಲಗೇಣಿ (ಶಾಶ್ವತ ಗೇಣಿ), ಕುಮ್ಕಿ (ಜಮೀನಿಗೆ ತಾಗಿದ ಸರಕಾರಿ ಜಾಗವನ್ನು ಬಳಸುವ ಹಕ್ಕು) ಮುಂತಾದವುಗಳ ಕಾಗದ ಓದಬಲ್ಲ ವಕೀಲರಿಗೆ ಇಲ್ಲಿ ಕೆಲಸ ತಪ್ಪುವುದಿಲ್ಲವಂತೆ. ನಮ್ಮ ಹುಡುಗಿಯ ಮುಖದಲ್ಲಿ ಆಸಕ್ತಿ ಮೂಡಿದ್ದು ಈ ಮಾತಿಗೇ.

ಇನ್ನು ದೂರು. ಕೇಂದ್ರದ ಗೋಡೆಯ ಮೇಲಿನ ಫಲಕ ‘ಐದೇ ವರ್ಷದಲ್ಲಿ ವಕೀಲರಾಗಿ’ ಎನ್ನುತ್ತದೆ, ಸಲಹೆಯೂ ಪದವಿ ಪ್ರಮಾಣಪತ್ರದವರೆಗೆ ಬಂದು ನಿಂತುಬಿಡುತ್ತದೆ. ಪದವಿಯ ನಂತರ ಬಾರ್ ಕೌನ್ಸಿಲಿನಲ್ಲಿ ನೋಂದಣಿಯಾಗಬೇಕು, ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2010ರಲ್ಲಿ ಬಂದ ಈ ಪರೀಕ್ಷೆಯ ಬಗ್ಗೆ ನಾನು ಕೇಳುವವರೆಗೂ ಅವರು ಬಾಯಿ ಬಿಡಲಿಲ್ಲ. ನೋಂದಣಿಗೆ ಎಷ್ಟು ಖರ್ಚಾಗುತ್ತದೆಂದು ಜೊತೆಗಿದ್ದ ನನ್ನ ತಮ್ಮ ಕೇಳಿದಾಗ ಹಲವು ಸಾವಿರದ ಹಳೆಯ ಅಂದಾಜನ್ನೇ ಹೇಳಿದರು. ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತಲೂ ಪರಿಶಿಷ್ಟ ಜಾತಿ ಪಂಗಡದವರಿಂದ 125 ರೂಪಾಯಿಗಿಂತಲೂ ಹೆಚ್ಚು ನೋಂದಣಿ ಶುಲ್ಕ ಪಡೆಯಬಾರದೆಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿಯೇ ತೀರ್ಪು ನೀಡಿದೆ. ನ್ಯಾಯಾಧೀಶೆಯಾಗುವ ಆಸೆ ಹುಡುಗಿಗಿದೆ ಎಂದಾಗಲೂ ಓದು ಮುಗಿದೊಡನೆ ಪರೀಕ್ಷೆ ಬರೆಯಬಹುದೆಂಬ ಉತ್ತರ ಬಂತು. ಸುಪ್ರೀಂ ಕೋರ್ಟಿನ 2025ರ ಮೇ ತಿಂಗಳ ತೀರ್ಪಿನ ಬಳಿಕ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿ ಅನುಭವ ಬೇಕಾಗಿರುವುದರಿಂದ, ಅವಳ ಪಾಲಿಗೆ ಐದು ವರ್ಷವೆಂಬುದು ಕಡಿಮೆಯೆಂದರೂ ಎಂಟು ವರ್ಷವಾಗುತ್ತದೆ. ಮನೆಯ ಆದಾಯ ನೋಡಿಕೊಂಡು ತೀರ್ಮಾನ ಮಾಡಬೇಕಾದವರಿಗೆ ಈ ಮೂರು ವರ್ಷ ಬಹಳ ದೊಡ್ಡದು. ಕೋರ್ಸಿನ ಒಳಗಿನ ನಿಯಮಗಳನ್ನು ಅಷ್ಟು ಅಚ್ಚುಕಟ್ಟಾಗಿ ವಿವರಿಸಿದವರು ಕೋರ್ಸು ಮುಗಿದ ಮೇಲಿನದ್ದನ್ನು ಕಡೆಗಣಿಸಿರುವುದಕ್ಕೆ, ಪ್ರವೇಶದೊಂದಿಗೆ ಅವರ ವ್ಯವಹಾರವೂ ಮುಗಿಯುತ್ತದೆ ಎಂಬುದನ್ನು ಬಿಟ್ಟು ಬೇರೆ ಕಾರಣ ನನಗೆ ತೋರುವುದಿಲ್ಲ.

ಕೊನೆಯಲ್ಲಿ ಕ್ಲ್ಯಾಟ್, ಅಂದರೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯ, ತರಬೇತಿಯ ಪ್ಯಾಕೇಜನ್ನೂ ಮುಂದಿಡುತ್ತಾರೆ. ಬೆಂಗಳೂರು ಅಥವಾ ಕೊಚ್ಚಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಕೋರ್ಸಿಗೆ ಸೇರುವ ಗುರಿಯಿಲ್ಲದವರು ಅದನ್ನು ಧಾರಾಳವಾಗಿ ನಿರಾಕರಿಸಬಹುದು. ಬೇಡವೆಂದಾಗ ನಮ್ಮನ್ನು ಯಾರೂ ಒತ್ತಾಯಿಸಲಿಲ್ಲ.

ಐದಕ್ಕೆ ಮೂರೂವರೆ ಅಂಕ ಕೊಡುತ್ತೇನೆ. ಪ್ಲಸ್ ಟು ಮುಗಿಸಿದ ಮಕ್ಕಳಿರುವವರು ಧೈರ್ಯವಾಗಿ ಹೋಗಬಹುದು, ಪದವಿ ಮುಗಿಸಿದವರಿಗೆ ಅಲ್ಲಿ ಹೊಸತು ಸಿಗುವುದು ಕಡಿಮೆ. ಹೋಗುವಾಗ ಅಂಕಪಟ್ಟಿಯ ಪ್ರತಿ ಜೊತೆಗಿರಲಿ. ರಶೀದಿಯನ್ನು ಅವರಾಗಿ ಕೊಡುವುದಿಲ್ಲ, ಕೇಳಿ ಪಡೆಯಬೇಕು.