ಡಬ್ಲಿನ್‌ಗೆ ರಗ್ಬಿ ನೋಡಲು ಹೊರಟಿದ್ದೀರಾ? ಸ್ಕ್ರೀನ್‌ಶಾಟ್ ಟಿಕೆಟ್ ನಂಬಬೇಡಿ

ಬ್ರಿಟನ್ನಿನಲ್ಲಿ ಕೆಲಸಕ್ಕಿರುವ ನಮ್ಮ ಹುಡುಗರು ಫೆಬ್ರವರಿ ಬಂತೆಂದರೆ ಆರು ದೇಶಗಳ ರಗ್ಬಿ ಪಂದ್ಯಾವಳಿ ಸಿಕ್ಸ್ ನೇಷನ್ಸ್‌ಗೆ ಎಲ್ಲಿಗಾದರೂ ಹೋಗಿಬರೋಣ ಅಂತ ಶುರು ಮಾಡುತ್ತಾರೆ. ಹೋದ ಸಲ ನಾವೂ ಶುರು ಮಾಡಿದ್ದೆವು. ಡಬ್ಲಿನ್‌ಗೆ ಹೋದೆವು, ಎರಡು ರಾತ್ರಿ ಇದ್ದೆವು, ಕ್ರೀಡಾಂಗಣದ ಗೇಟಿನ ತನಕ ನಡೆದೆವು. ಒಳಗೆ ಮಾತ್ರ ಹೋಗಲಿಲ್ಲ.

2025ರ ಫೆಬ್ರವರಿ 1, ಶನಿವಾರ. ಅವೀವಾ ಕ್ರೀಡಾಂಗಣದಲ್ಲಿ ಐರ್ಲೆಂಡ್–ಇಂಗ್ಲೆಂಡ್. ನಾವು ನಾಲ್ವರು: ನಾನು, ಮಂಡ್ಯದ ಒಬ್ಬ, ಹಾಕಿ ಬಿಟ್ಟರೆ ಬೇರೆ ಆಟವೇ ಅಲ್ಲ ಅನ್ನುವ ಕೊಡಗಿನ ಒಬ್ಬ, ಮತ್ತು ನಮಗೆ ರಗ್ಬಿ ಹುಚ್ಚು ಹಿಡಿಸಿದ ಆಫೀಸಿನ ವೇಲ್ಸ್ ಹುಡುಗ.

ವೀಸಾ ವಿಷಯ ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ನಾವು ಎಡವಲಿಲ್ಲ. ಬ್ರಿಟನ್ನಿನ ಕೆಲಸದ ವೀಸಾ ಇದ್ದರೆ ಐರ್ಲೆಂಡಿಗೂ ನಡೆಯುತ್ತೆ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ನಡೆಯಲ್ಲ. ಭಾರತದಿಂದ ಪ್ರವಾಸಕ್ಕೆ ಬರುವವರ ವೀಸಾದ ಮೇಲೆ ‘ಬಿಐವಿಎಸ್’ (ಬ್ರಿಟಿಷ್-ಐರಿಷ್ ವೀಸಾ ಯೋಜನೆ) ಅಂತ ಅಚ್ಚಾಗಿದ್ದರೆ ಎರಡೂ ಕಡೆ ಓಡಾಡಬಹುದು. ಬ್ರಿಟನ್ನಿನಲ್ಲೇ ನೆಲೆಸಿರುವ ನಮ್ಮಂಥವರು ಬೇರೆಯದೇ ಐರಿಷ್ ವೀಸಾ ತೆಗೆಯಬೇಕು, ಒಂದು ಸಲದ ಪ್ರವೇಶಕ್ಕೆ 60 ಯೂರೋ. ಡಿಸೆಂಬರ್ ಮೊದಲ ವಾರವೇ ಅರ್ಜಿ ಹಾಕಿದ್ದೆವು, ಆದರೂ ಕೊಡಗಿನವನ ಪಾಸ್‌ಪೋರ್ಟ್ ಕೈಗೆ ಬಂದದ್ದು ಹೊರಡುವ ಹಿಂದಿನ ದಿನ. “ಬೆಲ್‌ಫಾಸ್ಟ್‌ಗೆ ಹೋಗಿ ಅಲ್ಲಿಂದ ಬಸ್ ಹತ್ತಿ, ಗಡಿಯಲ್ಲಿ ಯಾರೂ ಕೇಳಲ್ಲ” ಅಂತ ಉಪದೇಶ ಮಾಡುವವರು ಸಿಗುತ್ತಾರೆ. ಬೆಲ್‌ಫಾಸ್ಟ್ ಇರುವ ಉತ್ತರ ಐರ್ಲೆಂಡ್ ಬ್ರಿಟನ್ನಿಗೇ ಸೇರಿದ್ದು, ಅಲ್ಲಿಂದ ಐರ್ಲೆಂಡಿಗೆ ದಾಟುವ ಗಡಿಯಲ್ಲಿ ಗೇಟಿಲ್ಲ, ನಿಜ. ಆದರೆ ದಾರಿಯಲ್ಲಿ ಐರಿಷ್ ಪೊಲೀಸರು ಬಸ್ ಹತ್ತಿ ಕಾಗದ ಕೇಳುವುದುಂಟು. ಮುಂದಿನ ವೀಸಾ ಅರ್ಜಿಗಳಿಗೆಲ್ಲ ಕಲ್ಲು ಹಾಕಿಕೊಳ್ಳಬೇಡಿ.

ಇಷ್ಟು ಹುಷಾರಾಗಿದ್ದ ನಾವು ಟಿಕೆಟ್ ವಿಷಯದಲ್ಲಿ ಹಳ್ಳಕ್ಕೆ ಬಿದ್ದೆವು.

ಅವೀವಾದಲ್ಲಿ ಇರುವುದು 51,700 ಸೀಟು. ಅದರಲ್ಲಿ ಹೆಚ್ಚಿನ ಪಾಲು ಊರೂರಿನ ರಗ್ಬಿ ಕ್ಲಬ್ಬುಗಳ ಮೂಲಕವೇ ಹಂಚಿಹೋಗುತ್ತದೆ. ಇಂಗ್ಲೆಂಡ್ ಎದುರಿನ ಪಂದ್ಯವೆಂದರೆ ನಮ್ಮಂಥ ಹೊರಗಿನವರಿಗೆ ಸಿಗುವುದು ಕಷ್ಟ. ಅಭಿಮಾನಿಗಳ ಒಂದು ಆನ್‌ಲೈನ್ ಗುಂಪಿನಲ್ಲಿ ಒಬ್ಬಾತ ಬರೆದಿದ್ದ: ಮಗಳ ಮದುವೆ ನಿಶ್ಚಿತಾರ್ಥ ಅದೇ ದಿನ ಬಿದ್ದಿದೆ, ನಾಲ್ಕು ಟಿಕೆಟ್ ಇವೆ. ಜೊತೆಗೊಂದು ಫೋಟೋ. ಹಸಿರು ಚೌಕುಳಿಯ ಮೇಜುಬಟ್ಟೆ, ಅದರ ಮೇಲೆ ಫೋನು, ಫೋನಿನಲ್ಲಿ ಟಿಕೆಟ್, ಪಕ್ಕದಲ್ಲಿ ಅರ್ಧ ಕುಡಿದ ಟೀ ಕಪ್ಪು. ಆ ಟೀ ಕಪ್ಪು ನೋಡಿ ನಂಬಿದೆ ಅಂದರೆ ನಗುತ್ತೀರಿ.

ಹೆಚ್ಚು ಬೆಲೆ ಕೇಳಿದ್ದರೆ ಅನುಮಾನ ಬರುತ್ತಿತ್ತೇನೋ. ಆತ ಮಾಡಿದ್ದು ತದ್ವಿರುದ್ಧ. ತಲಾ 130 ಯೂರೋ, ಮುಖಬೆಲೆ ಅಷ್ಟೇ, ಒಂದು ಸೆಂಟ್ ಜಾಸ್ತಿ ಬೇಡ ಅಂದ. “2021ರ ಕಾನೂನಿನ ಪ್ರಕಾರ ಇಲ್ಲಿ ಮುಖಬೆಲೆಗಿಂತ ಹೆಚ್ಚಿಗೆ ಮಾರೋದು ಅಪರಾಧ, ನನಗೆ ಆ ತಲೆನೋವು ಬೇಡ” ಅಂತಲೂ ಸೇರಿಸಿದ. ನಾನು ಹುಡುಕಿ ನೋಡಿದೆ. ಆ ಕಾನೂನು ನಿಜವಾಗಿಯೂ ಇದೆ! ಕಾನೂನು ನಿಜವಾದ್ದರಿಂದ ಮನುಷ್ಯನೂ ನಿಜ ಅಂದುಕೊಂಡೆ. ಡ್ರೈವಿಂಗ್ ಲೈಸೆನ್ಸಿನ ಫೋಟೋ ಕಳಿಸಿದ. ಅದು ನಮಗಿಂತ ಮೊದಲು ಮೋಸಹೋದ ಯಾರದೋ ಇರಬೇಕು, ಈಗ ಅನ್ನಿಸುತ್ತದೆ.

ಕಣ್ಣೆದುರೇ ಇದ್ದ ಎರಡು ಸುಳಿವನ್ನು ನಾವು ಬಿಟ್ಟೆವು. ದುಡ್ಡು ಹಾಕಲು ಆತ ಕೊಟ್ಟಂಥ ಯೂರೋ ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಎರಡಕ್ಷರ ದೇಶವನ್ನು ಹೇಳುತ್ತದೆ. ಐರ್ಲೆಂಡಿನದಾದರೆ ‘ಐಇ’. ಅವನದು ‘ಎಲ್‌ಟಿ’, ಅಂದರೆ ಲಿಥುವೇನಿಯಾ. ಐರ್ಲೆಂಡಿನಲ್ಲೂ ಕೆಲವರು ಅಂಥ ಆನ್‌ಲೈನ್ ಖಾತೆ ಇಟ್ಟುಕೊಂಡಿರುತ್ತಾರೆ, ಹಾಗಾಗಿ ಅದೊಂದೇ ಆಗಿದ್ದರೆ ತಪ್ಪೇನಿಲ್ಲ. ಎರಡನೆಯದೇ ದೊಡ್ಡದು. ಅಸಲಿ ಟಿಕೆಟ್ ಮಾರುವವರ ಆ್ಯಪಿನಿಂದ ನಮ್ಮ ಆ್ಯಪಿಗೆ ವರ್ಗವಾಗಬೇಕು. ಈತ “ವರ್ಗಾವಣೆ ಮ್ಯಾಚ್ ದಿನವೇ ತೆರೆಯೋದು, ಅಲ್ಲಿವರೆಗೆ ಇದನ್ನ ಇಟ್ಕೊಳ್ಳಿ” ಅಂತ ನಾಲ್ಕು ಸ್ಕ್ರೀನ್‌ಶಾಟ್ ಕಳಿಸಿದ. ನಾನು 520 ಯೂರೋ ಕಳಿಸಿದೆ. ವೇಲ್ಸ್ ಹುಡುಗ ಒಮ್ಮೆ “ಕಾರ್ಡಿಫ್‌ಗೇ ಹೋಗಬಹುದಿತ್ತು” ಅಂದ. ಅವನು ಯಾವಾಗಲೂ ಹಾಗೆ ಅನ್ನುತ್ತಾನೆ ಅಂತ ಬಿಟ್ಟೆವು.

ಮ್ಯಾಚ್ ಇರುವ ವಾರಾಂತ್ಯದಲ್ಲಿ ಡಬ್ಲಿನ್ ಊರೊಳಗಿನ ರೂಮುಗಳ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದಕ್ಕೆ ಸಮುದ್ರದಂಚಿನ ಬ್ರೇ ಊರಲ್ಲಿ ಉಳಿದಿದ್ದೆವು. ಅಲ್ಲಿಂದ ಡಾರ್ಟ್ ರೈಲು ಹತ್ತಿದರೆ ನೇರ ಲ್ಯಾನ್ಸ್‌ಡೌನ್ ರೋಡ್ ನಿಲ್ದಾಣ, ಇಳಿದರೆ ಕ್ರೀಡಾಂಗಣ ತಲೆಯ ಮೇಲೇ. (ಈ ಒಂದು ಉಪಾಯವನ್ನು ಧಾರಾಳವಾಗಿ ಕದಿಯಿರಿ.) ರೈಲಿನ ತುಂಬ ಹಸಿರು ಮಫ್ಲರು, ನಡುನಡುವೆ ಇಂಗ್ಲೆಂಡಿನವರ ಬಿಳಿ ಜರ್ಸಿ, ಇಬ್ಬರೂ ಒಂದೇ ಡಬ್ಬಿಯಲ್ಲಿ ನಗುತ್ತಾ ಬೈದಾಡಿಕೊಳ್ಳುತ್ತಿದ್ದರು. ನಾನು ಅರ್ಧ ಗಂಟೆಗೊಮ್ಮೆ ಮೆಸೇಜ್ ಹಾಕುತ್ತಿದ್ದೆ: ವರ್ಗಾವಣೆ ಮಾಡ್ತೀರಾ? ಬೆಳಗ್ಗೆಯಿಂದ ಒಂದೇ ಟಿಕ್ ಮಾರ್ಕು.

ಗೇಟಿನಲ್ಲಿದ್ದ ಹೆಂಗಸು ನನ್ನ ಫೋನಿನ ಮೇಲೆ ಸ್ಕ್ಯಾನರ್ ಹಿಡಿದರು. ಕೆಂಪು. ತೆರೆಯನ್ನು ತಮ್ಮ ಕೋಟಿನ ತೋಳಿನಿಂದ ಒರೆಸಿ ಮತ್ತೆ ಹಿಡಿದರು. ಕೆಂಪೇ. ಉಳಿದ ಮೂರೂ ಹಾಗೇ. ಬೈಯಲಿಲ್ಲ, ಸಂಶಯದಿಂದಲೂ ನೋಡಲಿಲ್ಲ. “ಇದೇ ಸೀಟುಗಳನ್ನ ಹಿಡ್ಕೊಂಡು ಬಂದವರಲ್ಲಿ ಇವತ್ತು ನೀವು ಮೂರನೆಯವರಪ್ಪಾ” ಅಂದರು ಅಷ್ಟೇ. ಆ ದನಿಯಲ್ಲಿದ್ದ ಕನಿಕರ ಇನ್ನೂ ಕಿವಿಯಲ್ಲಿದೆ. ಹಿಂದೆ ಸಾಲು ನಿಂತಿತ್ತು, ಸರಿದು ದಾರಿ ಬಿಟ್ಟೆವು.

ಸಂಜೆ 4:45ಕ್ಕೆ ಆಟ ಶುರುವಾದಾಗ ನಾವು ಪಕ್ಕದ ರಸ್ತೆಯ ಪಬ್ಬಿನಲ್ಲಿ, ಕಂಬಕ್ಕೊರಗಿ ನಿಂತಿದ್ದೆವು. ಕ್ರೀಡಾಂಗಣಕ್ಕೆ ಅಷ್ಟು ಹತ್ತಿರ ನಿಂತು ಟಿವಿ ನೋಡುವುದು ಒಂದು ವಿಚಿತ್ರ ಶಿಕ್ಷೆ. ಟಿವಿಯಲ್ಲಿ ಆಟಗಾರರು ಇನ್ನೂ ಹೆಗಲಿಗೆ ಹೆಗಲು ಕೊಟ್ಟು ಸ್ಕ್ರಮ್ ಕಟ್ಟುತ್ತಿರುತ್ತಾರೆ, ಹೊರಗಿನಿಂದ ಹೋ ಅಂತ ಸದ್ದು ಬರುತ್ತದೆ, ಆಮೇಲೆ ಟಿವಿಯಲ್ಲಿ ಟ್ರೈ, ಅಂದರೆ ಚೆಂಡನ್ನು ಗೆರೆಯಾಚೆ ನೆಲಕ್ಕೊತ್ತಿ ಅಂಕ ಗಳಿಸುವುದು. ಅರ್ಧ ಆಟಕ್ಕೆ ಇಂಗ್ಲೆಂಡ್ 10–5ರಿಂದ ಮುಂದಿತ್ತು, ಕೊನೆಗೆ ಐರ್ಲೆಂಡ್ 27–22ಕ್ಕೆ ಗೆದ್ದಿತು. ಎಲ್ಲವೂ ನಮಗೆ ಮೊದಲು ಗೋಡೆಯ ಆಚೆಯಿಂದಲೇ ತಿಳಿಯಿತು. “ದುಡ್ ಓದ್ರೆ ಓಗ್ಲಿ ಬುಡ್ಲಾ, ಸೌಂಡಾದ್ರೂ ಪುಗಸಟ್ಟೆ ಸಿಕ್ತು” ಅಂದ ಮಂಡ್ಯದವನು.

ದುಡ್ಡು ಹೋಗಿಯೇ ಹೋಯಿತು. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಹೀಗೆ ಮೋಸಹೋಗಿ ಕಳಿಸಿದ ಹಣವನ್ನು ಬ್ಯಾಂಕುಗಳು ಮರಳಿಸಬೇಕೆಂಬ ನಿಯಮ ಬಂದಿದೆ, ನಮಗೂ ಸಿಗಬಹುದು ಅಂದುಕೊಂಡಿದ್ದೆ. ಅದು ಅನ್ವಯಿಸುವುದು ದೇಶದೊಳಗಿನ ಪಾವತಿಗೆ ಮಾತ್ರ. ಹೊರದೇಶದ ಖಾತೆಗೆ ಹೋದದ್ದಕ್ಕೆ ಇಲ್ಲ. ಆತ ಪೌಂಡ್ ಖಾತೆ ಕೊಡದೆ ಯೂರೋ ಖಾತೆಯನ್ನೇ ಕೊಟ್ಟದ್ದು ಸುಮ್ಮನೆ ಇರಲಾರದು. ಡಬ್ಲಿನ್ ಪೊಲೀಸರು ದೂರು ಬರೆದುಕೊಂಡರು, ಬ್ರಿಟನ್ನಿಗೆ ವಾಪಸ್ ಬಂದು ಇಲ್ಲೂ ಕೊಟ್ಟೆವು. ಎರಡು ಉಲ್ಲೇಖ ಸಂಖ್ಯೆ ನನ್ನ ಬಳಿ ಇವೆ.

ಮೊದಲ ಸಲ ನೋಡುವವರು ಎಡಿನ್‌ಬರೋದ ಮರ್ರಿಫೀಲ್ಡ್‌ಗೋ ಕಾರ್ಡಿಫ್‌ಗೋ ಹೋಗಿ. ಮರ್ರಿಫೀಲ್ಡ್‌ನಲ್ಲಿ 67 ಸಾವಿರ ಜನ ಹಿಡಿಯುತ್ತಾರೆ, ಕಾರ್ಡಿಫ್‌ನಲ್ಲಿ ಇನ್ನೂ ಹೆಚ್ಚು, ವೀಸಾದ ಗೋಳಿಲ್ಲ. ಡಬ್ಲಿನ್ನೇ ಬೇಕೆಂದರೆ, ಟಿಕೆಟ್ ನಿಮ್ಮ ಆ್ಯಪಿನೊಳಗೆ ನಿಮ್ಮ ಹೆಸರಿಗೆ ಬಂದು ಕೂರುವ ತನಕ ವಿಮಾನವನ್ನೂ ಬುಕ್ ಮಾಡಬೇಡಿ.

ಮಾರ್ಚ್ 8ರ ಫ್ರಾನ್ಸ್ ಪಂದ್ಯಕ್ಕೆ ಮೊದಲು ಸುಮ್ಮನೆ ಆ ಗುಂಪನ್ನು ತೆರೆದು ನೋಡಿದೆ. ಬೇರೆ ಹೆಸರು, ಈ ಸಲ ಹೆಂಡತಿಗೆ ಆಪರೇಷನ್ನಂತೆ, ನಾಲ್ಕು ಟಿಕೆಟ್. ಫೋಟೋದಲ್ಲಿ ಅದೇ ಹಸಿರು ಚೌಕುಳಿ ಬಟ್ಟೆ. ಕೆಳಗೆ “ಮಗಳ ಮದುವೆ ಆಯ್ತಾ?” ಅಂತ ಬರೆದೆ. ಎರಡೇ ನಿಮಿಷದಲ್ಲಿ ನನ್ನನ್ನು ಬ್ಲಾಕ್ ಮಾಡಿದ.