ಡೆಕ್ ಲಿಫ್ಟ್ ಸವೆದಿದೆಯಾ? ಚಿಕ್ಕಮಗಳೂರಿನ ಈ ಲೇತ್ ಅಂಗಡಿಗೆ ಹೋಗಿ

ನಮ್ಮದು ಆಲ್ದೂರು ಕಡೆ ಸಣ್ಣ ಕಾಫಿ ತೋಟ, ಜೊತೆಗೊಂದು ಹೋಮ್‌ಸ್ಟೇ. ಮನೆ ಮುಂದೆ ಮುಕ್ಕಾಲು ಎಕರೆ ಹುಲ್ಲು. ಅದನ್ನು ಕತ್ತರಿಸುವುದು ಅಪ್ಪ ಸೆಕೆಂಡ್ ಹ್ಯಾಂಡ್ ತಂದ ಹಳೇ ಗಾರ್ಡನ್ ಟ್ರ್ಯಾಕ್ಟರ್, ಹೊಟ್ಟೆಯಡಿ 42 ಇಂಚಿನ ಡೆಕ್, ಅಂದರೆ ಹುಲ್ಲು ಕತ್ತರಿಸುವ ಬ್ಲೇಡು ತಿರುಗುವ ಕವಚ. ಎಂಜಿನ್ ಈಗಲೂ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಆದರೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಡೆಕ್ ಎಡಕ್ಕೆ ವಾಲಿತ್ತು. ಡೆಕ್ ಎತ್ತುವ ಲಿವರ್ ಎಳೆದರೆ ಬಲಗಡೆ ಮೊದಲು ಏಳುತ್ತಿತ್ತು, ಎಡಗಡೆ ತಡವಾಗಿ. ಹುಲ್ಲಿನ ಮೇಲೆ ಪಟ್ಟೆ ಪಟ್ಟೆ ಗುರುತು, ದಿಬ್ಬ ಬಂದ ಕಡೆ ಬ್ಲೇಡು ಮಣ್ಣನ್ನೇ ಕೆರೆಯುತ್ತಿತ್ತು.

ಮೊದಲು ಬೇರೊಂದು ಕಡೆ ಲಿಫ್ಟಿನ, ಅಂದರೆ ಡೆಕ್ ಎತ್ತುವ ಜೋಡಣೆಯ, ಕೀಲುಗಳಿಗೆ ಹೊಸ ಪಿನ್ ಹಾಕಿಸಿದೆ. ಒಂದು ತಿಂಗಳಿಗೇ ಮತ್ತೆ ಅದೇ ಕಥೆ. ತೂತೇ ಮೊಟ್ಟೆ ಆಕಾರಕ್ಕೆ ಸವೆದಿರುವಾಗ ದುಂಡು ಪಿನ್ನು ಏನು ಮಾಡೀತು, ಅಲ್ವಾ?

ಆಮೇಲೆ ಸಿಕ್ಕಿದ್ದು ಕೆ.ಎಂ. ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯಲ್ಲಿರುವ ಈ ಲೇತ್ ಅಂಗಡಿ. ಬೋರ್ಡಿನಲ್ಲಿ ಬರೀ ಲೇತ್ ವರ್ಕ್ಸ್ ಎಂದಿದೆ. ಹೆಚ್ಚಾಗಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ), ಜೀಪಿನ ಸಾಮಾನು, ವೀಡ್ ಕಟರ್ ಬರುವ ಜಾಗ. ನಾನು ತೋಳುಗಳಿರುವ ಲಿಫ್ಟ್ ಶಾಫ್ಟು, ಡೆಕ್ಕನ್ನು ಅದಕ್ಕೆ ತೂಗುಹಾಕುವ ಲಿಂಕುಗಳನ್ನಷ್ಟೇ ಬಿಚ್ಚಿಕೊಂಡು ಹೋಗಿದ್ದೆ. ಮೇಸ್ತ್ರಿ ಕೈಗೆ ತೆಗೆದುಕೊಂಡವರು ಮೊದಲು ಕೇಳಿದ್ದು, 'ಬ್ಲೇಡ್ ಬ್ಯಾಲೆನ್ಸ್ ಇದೆಯಾ ಸಾರ್?' ಅಂತ. ಡೆಕ್ಕಿನ ಭಾರವೆಲ್ಲ ಈ ಪಿನ್ನುಗಳ ಮೇಲೇ ತೂಗುತ್ತದೆ, ಬ್ಲೇಡು ಅದುರಿದರೆ ಪಿನ್ನು ದಿನವಿಡೀ ತೂತನ್ನು ಕುಟ್ಟುತ್ತದೆ, ಅದಕ್ಕೆ ನಮ್ಮ ಕೆಂಪು ಮಣ್ಣಿನ ನುರುಜು ಸೇರಿದರೆ ಅರ ಹಾಕಿ ಉಜ್ಜಿದ ಹಾಗೆ ಸವೆಯುತ್ತದೆ ಎಂದು ಬಿಡಿಸಿ ಹೇಳಿದರು. ಇಷ್ಟು ವಿವರವಾಗಿ ನನಗೆ ಹಿಂದೆ ಯಾರೂ ಹೇಳಿರಲಿಲ್ಲ.

ಅಳೆದರೆ 16 ಎಂಎಂ ತೂತು ಉದ್ದಕ್ಕೆ 19 ಆಗಿತ್ತು. ಒಂದು ಕಡೆ 3 ಎಂಎಂ ಸಡಿಲ ಅಂದರೆ ಕಮ್ಮಿ ಅನಿಸಬಹುದು, ಆದರೆ ಶಾಫ್ಟು, ತೋಳು, ಲಿಂಕು ಎಲ್ಲ ಕಡೆಯದು ಸೇರಿ ಡೆಕ್ಕಿನ ಅಂಚಿನಲ್ಲಿ ಸುಮಾರು 12 ಎಂಎಂ ಇಳಿದಿತ್ತು. ತೋಳು ದಪ್ಪ ಇತ್ತು, ಹಾಗಾಗಿ ತೂತನ್ನು 22ಕ್ಕೆ ದೊಡ್ಡದು ಮಾಡಿ ಗನ್‌ಮೆಟಲ್ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಒತ್ತಿ ಕೂರಿಸಿದರು. ಲಿಂಕಿನ ಪಟ್ಟಿ ತೆಳು, ಅಲ್ಲಿ ಬುಷ್ ನಿಲ್ಲುವುದಿಲ್ಲ. ಅದಕ್ಕೆ ವೆಲ್ಡಿಂಗ್ ತುಂಬಿಸಿ, ಮಟ್ಟ ಮಾಡಿ, ಹೊಸದಾಗಿ ತೂತು ಕೊರೆದು, ಅಳತೆ ನಿಖರವಾಗಲು ರೀಮರ್ ಓಡಿಸಿದರು. ಪಿನ್ನುಗಳು ಇಎನ್8 ಉಕ್ಕಿನ ರಾಡಿನಿಂದ ಲೇತಿನಲ್ಲೇ ಮಾಡಿದ್ದು, ತಲೆಗೆ ಗ್ರೀಸ್ ತುಂಬುವ ನಿಪ್ಪಲ್ ಸಹಿತ. ಮೊದಲು ಇದ್ದ ಪಿನ್ನಿಗೆ ನಿಪ್ಪಲ್ಲೇ ಇರಲಿಲ್ಲ.

ನನಗೆ ತುಂಬಾ ಇಷ್ಟವಾದದ್ದು ಮುಂದಿನದು. ಎರಡೂ ತೋಳಿನ ತೂತಿಗೆ ಒಂದೇ ನೇರ ರಾಡ್ ತೂರಿಸಿ ನೋಡಿದರು. ತೂರಲಿಲ್ಲ. ಎಡ ತೋಳು ಸ್ವಲ್ಪ ತಿರುಚಿಕೊಂಡಿತ್ತು. ಅದನ್ನು ಕಾಯಿಸಿ ಸರಿ ಮಾಡಿದರು, ನಾನು ಕೇಳದೆಯೇ. ಇದೊಂದು ಬಿಟ್ಟಿದ್ದರೆ ಬುಷ್ ಎಷ್ಟೇ ಚೆನ್ನಾಗಿ ಹಾಕಿದ್ದರೂ ಡೆಕ್ ಸೊಟ್ಟಗೇ ಇರುತ್ತಿತ್ತು.

ಒಟ್ಟು 2,800 ರೂಪಾಯಿ. ನನ್ನ ಪ್ರಕಾರ ನ್ಯಾಯವಾದ ರೇಟು. ಬೇಜಾರಿನ ವಿಷಯವೂ ಇದೆ. ಎರಡು ದಿನ ಅಂದದ್ದು ಒಂಬತ್ತು ದಿನವಾಯಿತು, ಫೋನ್ ಎತ್ತುವುದಿಲ್ಲ, ಬಿಲ್ ಕೇಳಿದರೆ ಚೀಟಿ ಕೊಡುತ್ತಾರೆ. ದೂರದಿಂದ ಬರುವವರು ಇದನ್ನು ಗಮನದಲ್ಲಿಟ್ಟುಕೊಳ್ಳಿ.

ಮನೆಯಲ್ಲಿ ಜೋಡಿಸುವಾಗ ಎರಡೂ ಕಡೆ ಟೈರಿಗೆ ಸಮ ಗಾಳಿ ಹಾಕಿ, ಗಾಡಿಯನ್ನು ಕಾಫಿ ಕಣದ ಮೇಲೆ ನಿಲ್ಲಿಸಿದೆ. ನಮ್ಮಲ್ಲಿ ಅದಕ್ಕಿಂತ ಮಟ್ಟವಾದ ಜಾಗ ಇಲ್ಲ. ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಿತ್ತಿಟ್ಟ ಮೇಲೇ ಬ್ಲೇಡಿಗೆ ಕೈ ಹಾಕಿ, ದಯವಿಟ್ಟು. ಎಡ ಬಲ ಒಂದೇ ಎತ್ತರಕ್ಕೆ ತಂದು, ಮುಂಭಾಗವನ್ನು ಹಿಂಭಾಗಕ್ಕಿಂತ 5 ಎಂಎಂ ಕೆಳಗೆ ಇಟ್ಟೆ. ಪಿನ್ನು ಜಾರದಂತೆ ತಡೆಯುವ ಹಳೇ ಸ್ಪ್ಲಿಟ್ ಪಿನ್ ಮತ್ತೆ ಹಾಕಬೇಡಿ, ಹೊಸದು ನಾಲ್ಕಾಣೆ ಮಾಲು. ಈಗ ಅಮ್ಮ ಒಂದೇ ಕೈಯಲ್ಲಿ ಲಿವರ್ ಎತ್ತುತ್ತಾರೆ, ಹುಲ್ಲಿನಲ್ಲಿ ಪಟ್ಟೆ ಇಲ್ಲ.

ಹೋಗುವುದಾದರೆ ಕಾಫಿ ಕೊಯ್ಲಿಗೆ ಮುಂಚೆ ಹೋಗಿ. ಪಲ್ಪರ್ ಕೆಲಸ ಶುರುವಾದರೆ ಅವರು ಬೇರೆ ಏನನ್ನೂ ಮುಟ್ಟುವುದಿಲ್ಲ.