ದುರ್ಗದ ಕೆಎಎಸ್ ಕೋಚಿಂಗ್: ಪಾಲಿಟಿ ಸರ್‌ಗೆ ಐದು ಸ್ಟಾರ್, ಆಫೀಸಿಗೆ ಒಂದು

ನಾಲ್ಕು ತಿಂಗಳು ಹೋಗಿ ಬಂದ್ಮೇಲೆ ಬರೀತಿದೀನಿ, ಹೆಸರು ಹಾಕಲ್ಲ. ಫೀಸು ಹನ್ನೆರಡು ಸಾವಿರ, ಮೂರು ಫ್ಯಾನಲ್ಲಿ ಎರಡು ತಿರುಗುತ್ತೆ, ನೋಟ್ಸ್ ಅಂತ ಕೊಡೋದು ಝೆರಾಕ್ಸಿನ ಝೆರಾಕ್ಸು, ಕರೆಂಟ್ ಅಫೇರ್ಸಲ್ಲಿ ಪೇಪರ್ ಓದಿ ಹೇಳ್ತಾರೆ ಅಷ್ಟೇ, ಅದನ್ನ ನಾನು ಹಿರಿಯೂರಿಂದ ಬರೋ ಬಸ್ಸಲ್ಲೇ ಓದ್ಕೊಂಡು ಬಂದಿರ್ತೀನಿ.

ಆದ್ರೆ ಸಂವಿಧಾನ, ಸರ್ಕಾರದ ವಿಷಯ ಹೇಳ್ಕೊಡೋ ಪಾಲಿಟಿ ಸರ್ ಇದಾರಲ್ಲ, ಅವರೊಬ್ಬರಿಗೇ ಆ ದುಡ್ಡು ಕೊಡಬಹುದು. ಮಂತ್ರಿಮಂಡಲದ ಬಗ್ಗೆ ನೋಟ್ಸಲ್ಲಿ ಇರೋದು ಎರಡು ಲೈನು, ಸಂವಿಧಾನದ ವಿಧಿ 75(3), 164(2), ಸಾಮೂಹಿಕ ಹೊಣೆ, ಮುಗೀತು. ಸರ್ ಅದನ್ನ ಪಕ್ಕಕ್ಕಿಟ್ಟು "ಹೊಣೆ ಎಲ್ಲರದ್ದು, ಸರಿ, ಕೇಳಿ ಮಾಡಿದ್ರಾ ಇಲ್ಲಾ ಮಾಡಿ ಹೇಳಿದ್ರಾ?" ಅಂದ್ರು, ಎರಡೂವರೆ ಗಂಟೆ ಯಾರೂ ಎದ್ದಿಲ್ಲ. 1956ರಲ್ಲಿ ಬಾಂಬೆ ನಗರ ಯಾರಿಗೆ ಸೇರಬೇಕು ಅನ್ನೋ ವಿಷಯಕ್ಕೆ ಕ್ಯಾಬಿನೆಟ್ ಕೇಳದೇ ನೆಹರೂ ಹೇಳಿಕೆ ಕೊಟ್ರು ಅಂತ ದೂರಿ ಹಣಕಾಸು ಮಂತ್ರಿ ಸಿ.ಡಿ. ದೇಶ್‌ಮುಖ್ ರಾಜೀನಾಮೆ ಕೊಟ್ಟಿದ್ದು, 1969ರ ಜುಲೈ 16ಕ್ಕೆ ಪ್ರಧಾನಿ ಇಂದಿರಾ ಮೊರಾರ್ಜಿ ದೇಸಾಯಿ ಕೈಯಿಂದ ಹಣಕಾಸು ಖಾತೆ ಕಿತ್ಕೊಂಡು 19ಕ್ಕೆ 14 ಬ್ಯಾಂಕ್ ರಾಷ್ಟ್ರೀಕರಣ ಆಗಿದ್ದು, ಆಗ ಕಾಂಗ್ರೆಸ್ ಪಕ್ಷದ ಅಧ್ಯಕ್ಷರು ನಮ್ಮ ದುರ್ಗದ ನಿಜಲಿಂಗಪ್ಪನವರೇ, ನವೆಂಬರಲ್ಲಿ ಅವರು ಇಂದಿರಾರನ್ನೇ ಪಕ್ಷದಿಂದ ತೆಗೆದೇಬಿಟ್ರು.

ಎಮರ್ಜೆನ್ಸಿದು ಹೇಳುವಾಗಂತೂ ಪಿನ್‌ಡ್ರಾಪ್ ಸೈಲೆನ್ಸು. 1975 ಜೂನ್ 25ರ ರಾತ್ರಿನೇ ರಾಷ್ಟ್ರಪತಿ ಸೈನ್ ಆಗಿದೆ, ಕ್ಯಾಬಿನೆಟ್ ಕರೆದಿದ್ದು ಮಾರನೇ ದಿನ ಬೆಳಗ್ಗೆ 6ಕ್ಕೆ. ಇದಕ್ಕೆ ದಾರಿ ಕೇಂದ್ರ ಸರ್ಕಾರ ಕೆಲಸ ನಡೆಸೋ ನಿಯಮಗಳ (ಟ್ರಾನ್ಸಾಕ್ಷನ್ ಆಫ್ ಬಿಸಿನೆಸ್ ರೂಲ್ಸ್) ರೂಲ್ 12, ಪ್ರಧಾನಿ ಮೊದಲು ಮಾಡಿ ಆಮೇಲೆ ಒಪ್ಪಿಗೆ ತಗೋಬಹುದು. ಅದಕ್ಕೇ 1978ರಲ್ಲಿ 44ನೇ ತಿದ್ದುಪಡಿ, ಕ್ಯಾಬಿನೆಟ್ ತೀರ್ಮಾನ ಬರಹದಲ್ಲಿ ಬರದೇ ರಾಷ್ಟ್ರಪತಿ ಎಮರ್ಜೆನ್ಸಿ ಹಾಕೋ ಹಾಗಿಲ್ಲ. ಸಂವಿಧಾನದಲ್ಲಿ ಕ್ಯಾಬಿನೆಟ್ ಅನ್ನೋ ಪದ ಇರೋದು ಆ 352ನೇ ವಿಧಿಲಿ ಮಾತ್ರ ಅಂತೆ, ಬರ್ಕೊಳ್ಳಿ, ಪ್ರಿಲಿಮ್ಸಿಗೆ ಬರುತ್ತೆ.

ನೋಟ್ ಬ್ಯಾನ್‌ಗೆ ಗುಟ್ಟು ಬೇಕಿತ್ತಲ್ಲ ಸರ್, ಮೊದಲೇ ಎಲ್ಲರನ್ನೂ ಕೇಳೋಕಾಗುತ್ತಾ ಅಂತ ನಾನೇ ಕೇಳ್ದೆ. ಬೈಲಿಲ್ಲ, ಪಾಯಿಂಟ್ ಇದೆ ಅಂದ್ರು, ಆದ್ರೆ ಕೇಳಿ ಮಾಡಿದ್ರೂ ಕೆಡುತ್ತೆ ಅಂತ ನಮ್ಮ ರಾಜ್ಯದ್ದೇ ಎತ್ತಿದ್ರು. 2024 ಜುಲೈ 15ಕ್ಕೆ ಖಾಸಗಿ ಕೆಲಸದಲ್ಲಿ ಸ್ಥಳೀಯರಿಗೆ ಮ್ಯಾನೇಜ್‌ಮೆಂಟಲ್ಲಿ 50, ಉಳಿದಿದ್ರಲ್ಲಿ 70 ಪರ್ಸೆಂಟ್ ಅನ್ನೋ ಮಸೂದೆಗೆ ಕ್ಯಾಬಿನೆಟ್ ಓಕೆ ಅಂತು, ಕಂಪನಿಯವರು ಕೂಗಾಡಿದ್ರು, 17ಕ್ಕೆ ತಡೆ. ಎಲ್ರೂ ಕೂತಿದ್ದ ರೂಮಲ್ಲಿ ಯಾರೂ ಬಾಯಿ ಬಿಡಲಿಲ್ವಾ ಅನ್ನೋದು ನನಗೆ ಈಗ್ಲೂ ಡೌಟು.

ಇನ್ನು ಆಫೀಸಿನ ವಿಷಯ. ಈ ಕ್ಲಾಸ್ ಆದ ಮೂರೇ ದಿನಕ್ಕೆ ಬೆಳಗ್ಗೆ ಐದೂವರೆ ಬಸ್ ಹಿಡಿದು ಬಂದ್ರೆ ಬಾಗಿಲಿಗೆ ಬೀಗ, ನಲವತ್ತು ಜನ ರೋಡಲ್ಲಿ, ಬ್ಯಾಚ್ ಸಂಜೆಗೆ ಹಾಕಿದೀವಿ ಅಂತ ಆಗಷ್ಟೇ ಮೆಸೇಜ್ ಬಂತು, ನಮ್ಮ ಹಿಂದೆನೇ ಪಾಲಿಟಿ ಸರ್ ಹೆಲ್ಮೆಟ್ ತೆಗೀತಾ ಬಂದ್ರು, ಪಾಪ ಅವರಿಗೂ ಹೇಳಿಲ್ಲ. ಎಲ್ರಿಗೂ ಟೀ ಕೊಡಿಸಿ "ರೂಲ್ 12 ಹಾಕಿದಾರೆ ಕಣ್ರಪ್ಪ" ಅಂದ್ರು.

ಸಂಜೆ ಬ್ಯಾಚಿಗೆ ಹೋದ್ರೆ ನನಗೆ ವಾಪಸ್ ಹಿರಿಯೂರು ಸೇರೋಷ್ಟೊತ್ತಿಗೆ ಹತ್ತೂವರೆ ಆಗುತ್ತೆ. ಉಳಿದ ಫೀಸು ವಾಪಸ್ ಕೇಳಿದೀನಿ, ಓನರ್ ಬಂದ್ಮೇಲೆ ಹೇಳ್ತೀವಿ ಅಂತಿದಾರೆ. ಸೇರೋರು ದುರ್ಗದೊಳಗೇ ಇದ್ರೆ ಸೇರಿ, ಟೈಮಿಂಗ್ ಮಾತ್ರ ಬರೆಸ್ಕೊಂಡು ಸೇರಿ.